ಇಂಗ್ಲಿಷ್ ಬಂಗಲೆಯ ಹಿತ್ತಲು

ಬೆಂಗಳೂರಿನ ಹಳಬರು ದಂಡು ಅಂತಾರೆ, ಬೆಳಗಾವಿಯವರು ಕ್ಯಾಂಪು ಅಂತಾರೆ, ಪುಣೆಯ ಮರಾಠಿಗರು ಲಷ್ಕರ್ ಅಂತಾರೆ. ಹೆಸರು ಮೂರಾದರೂ ಚಹರೆ ಒಂದೇ. ಅಗಲವಾದ ರಸ್ತೆ, ಎರಡೂ ಬದಿ ಮರ, ಒಂದು ಚರ್ಚು, ಒಂದು ಬೇಕರಿ, ದೊಡ್ಡ ಕಾಂಪೌಂಡಿನ ನಡುವೆ ರಸ್ತೆಯಿಂದ ಹಿಂದೆ ಸರಿದು ಕೂತ ಬಂಗಲೆಗಳು. 1817ರ ನವೆಂಬರಿನಲ್ಲಿ ಖಡಕಿಯ ಯುದ್ಧದಲ್ಲಿ ಪೇಶ್ವೆಯ ಸೈನ್ಯ ಸೋತಿತು. ಆಮೇಲೆ ಪುಣೆ ಪೇಟೆಯ ಪೂರ್ವಕ್ಕೆ ಬ್ರಿಟಿಷರ ದಂಡು ಬೀಡುಬಿಟ್ಟಿತು. ಆ ಬೀಡೇ ಬೆಳೆದು ಪುಣೆ ಕ್ಯಾಂಪ್ ಆಯಿತು.

ಊರಿಂದ ನೆಂಟರು ಬಂದರೆ ಇಲ್ಲಿರುವ ನಾವು ಕನ್ನಡಿಗರು ಮಾಡುವುದೂ ಒಂದೇ. ಮೊದಲ ದಿನ ಶನಿವಾರವಾಡೆ. ಎರಡನೇ ದಿನ ಕ್ಯಾಂಪಿನ ಕಯಾನಿ ಬೇಕರಿಯ ಸಾಲಿನಲ್ಲಿ ನಿಂತು ಶ್ರೂಸ್‌ಬರಿ ಬಿಸ್ಕತ್ತು. ಹಾಗೇ ಯಾವುದಾದರೂ ಬಂಗಲೆಯ ಗೇಟಿನ ಮುಂದೆ ನಿಲ್ಲಿಸಿ, ‘ನೋಡ್ರಿ, ಇಂಗ್ಲಿಷರ ಮನಿ, ಎಷ್ಟ್ ಚಂದ ಗಾರ್ಡನ್ನು’ ಅಂತೇವೆ. ಚಂದ ಇರೋದು ನಿಜ. ನನ್ನ ತಕರಾರು ‘ಇಂಗ್ಲಿಷ್’ ಅನ್ನುವ ಆ ಒಂದು ಮಾತಿನ ಬಗ್ಗೆ.

ಮನೆಯನ್ನು ಮೇಲಿನಿಂದಲೇ ನೋಡುತ್ತಾ ಬನ್ನಿ. ಮಾಡಿಗೆ ಹೊದೆಸಿದ್ದು ಮಂಗಳೂರು ಹೆಂಚು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ನೇತ್ರಾವತಿಯ ಜೇಡಿಮಣ್ಣು ಹಡಗು ಹತ್ತಿ ಪಶ್ಚಿಮ ಕರಾವಳಿಯ ಉದ್ದಕ್ಕೂ ಹೋಯಿತು. ಬಂಗಲೆ ಅನ್ನುವ ಹೆಸರು ಬಂಗಾಳದ ಗುಡಿಸಲಿನದು. ಸುತ್ತಲಿನ ವರಾಂಡ ಬಿಸಿಲೂರಿನ ಉಪಾಯ, ಲಂಡನ್ನಿನ ಸಾಲುಮನೆಗಳಿಗೆ ಅದರ ಗರಜಿಲ್ಲ. ಅಂಗಳದ ಬೋಗನ್‌ವಿಲ್ಲ ಬ್ರೆಜಿಲ್‌ನದು, ಗುಲ್‌ಮೊಹರ್ ಮಡಗಾಸ್ಕರ್‌ನದು, ನೆರಳು ಕೊಡುವ ಮಳೆಮರ ದಕ್ಷಿಣ ಅಮೆರಿಕದ್ದು. ಹಾಗಾದರೆ ಇಲ್ಲಿ ಇಂಗ್ಲಿಷ್ ಅನ್ನೋದು ಉಳಿದದ್ದೆಲ್ಲಿ?

ಉಳಿದದ್ದು ಹೂವಿನ ಪಾತಿಯಲ್ಲಿ. ಹಾಲಿಹಾಕ್, ಫ್ಲಾಕ್ಸ್, ಪ್ಯಾನ್ಸಿ, ಸ್ವೀಟ್ ಪೀ. ಮಳೆಗಾಲ ಮುಗಿಯುತ್ತಿದ್ದಂತೆ ಬೀಜ ಹಾಕಬೇಕು, ಚಳಿಗಾಲವಿಡೀ ನೀರು ಹನಿಸಬೇಕು, ಮಾರ್ಚಿನ ಬಿಸಿಲಿಗೆ ಎಲ್ಲವೂ ಒಣಗಿಹೋಗುತ್ತವೆ. ಇದಕ್ಕೊಂದು ಶಾಸ್ತ್ರವೇ ಬೆಳೆಯಿತು. 1873ರಲ್ಲಿ ಪುಣೆಯ ಗಣೇಶಖಿಂಡದಲ್ಲಿ ಸಸ್ಯೋದ್ಯಾನ ಕಟ್ಟಿದ ಮಾರ್ಷಲ್ ವುಡ್ರೋ ಭಾರತದ ತೋಟಗಾರಿಕೆಯ ಮೇಲೆ ದೊಡ್ಡ ಪುಸ್ತಕ ಬರೆದ. ಕ್ಯಾಂಪಿನ ಅಂಚಿನ ಎಂಪ್ರೆಸ್ ಗಾರ್ಡನ್ನಿನಲ್ಲಿ ಇಂದಿಗೂ ಚಳಿಗಾಲದಲ್ಲಿ ಪುಷ್ಪಪ್ರದರ್ಶನ ನಡೆಯುತ್ತದೆ. ಪರಊರಿನಲ್ಲಿರುವವರಿಗೆ ಈ ಹಟ ಅರ್ಥವಾಗದ್ದೇನಲ್ಲ. ಅಪಾರ್ಟ್‌ಮೆಂಟಿನ ನಾಲ್ಕನೇ ಮಹಡಿಯಲ್ಲಿ ಮೈಸೂರು ಮಲ್ಲಿಗೆ ಬೆಳೆಸಲು ಒದ್ದಾಡುವ ನಮ್ಮವರು ಎಷ್ಟು ಜನ ಬೇಕು! ಒಂದೇ ವ್ಯತ್ಯಾಸ ಏನಂದ್ರೆ, ನಮ್ಮ ಕುಂಡಕ್ಕೆ ನಾವೇ ನೀರು ಹಾಕುತ್ತೇವೆ.

ಆ ನೀರು ಹಾಕಿದವರು ಯಾರು ಅನ್ನೋದಕ್ಕೆ ನಮ್ಮ ರಾಜ್ಯದಿಂದಲೇ ಒಂದು ಸಾಕ್ಷಿ ಇದೆ. 1896ರಲ್ಲಿ ವಿನ್‌ಸ್ಟನ್ ಚರ್ಚಿಲ್ ತನ್ನ ಕುದುರೆ ದಳದ ಜೊತೆ ಮುಂಬೈಯಲ್ಲಿ ಇಳಿದು, ಪುಣೆಯಲ್ಲಿ ಡೇರೆ ಹಾಕಿ ತಂಗಿ, ಆಮೇಲೆ ಬೆಂಗಳೂರು ದಂಡಿಗೆ ಹೋದ. ಅಲ್ಲಿ ಗೆಳೆಯರಿಬ್ಬರ ಜೊತೆ ಬಂಗಲೆ ಹಿಡಿದು ಗುಲಾಬಿ ತೋಟ ಮಾಡಿದ. 1930ರ ಆತ್ಮಕಥೆಯಲ್ಲಿ ಆ ಮನೆಯ ಕೆಲಸದವರ ಲೆಕ್ಕ ಕೊಟ್ಟಿದ್ದಾನೆ. ಒಬ್ಬೊಬ್ಬರಿಗೂ ಬೇರೆ ಆಳುಕಾಳು. ಅದರ ಮೇಲೆ ಮೂವರಿಗೂ ಸೇರಿ ಇಬ್ಬರು ತೋಟದ ಮಾಲಿಗಳು, ಮೂವರು ನೀರು ಹೊರುವ ಭಿಸ್ತಿಗಳು, ನಾಲ್ವರು ಅಗಸರು, ಒಬ್ಬ ಕಾವಲುಗಾರ. ಪಟ್ಟಿಯಲ್ಲಿ ಸಂಖ್ಯೆಗಳಿವೆ, ಹೆಸರುಗಳಿಲ್ಲ.

ಇಂಗ್ಲಿಷ್ ಮನೆ ಕಟ್ಟಿಸಿದವರೆಲ್ಲ ಇಂಗ್ಲಿಷರೂ ಅಲ್ಲ. ಪುಣೆಯಲ್ಲಿ ಹೆಸರಾದ ‘ಗಾರ್ಡನ್ ರೀಚ್’ ಎಂಬ ಭವನ 1862ರಿಂದ 64ರ ನಡುವೆ ಎದ್ದದ್ದು ಸಸೂನ್ ಮನೆತನಕ್ಕಾಗಿ. ಮನೆಯ ಹಿರಿಯ ಡೇವಿಡ್ ಸಸೂನ್ ಬಾಗ್ದಾದಿನ ಯೆಹೂದಿ, ಅಲ್ಲಿನ ಆಳರಸರ ಕಾಟಕ್ಕೆ ಊರುಬಿಟ್ಟು ಮುಂಬೈಗೆ ಬಂದವನು, ಹತ್ತಿ ಮತ್ತು ಅಫೀಮಿನ ವ್ಯಾಪಾರದಲ್ಲಿ ಶ್ರೀಮಂತನಾದವನು. 1864ರಲ್ಲಿ ಪುಣೆಯಲ್ಲೇ ತೀರಿಕೊಂಡ. ಕ್ಯಾಂಪಿನಲ್ಲಿ ಜನ ‘ಲಾಲ್ ದೇವಳ’ ಅನ್ನುವ ಕೆಂಪು ಇಟ್ಟಿಗೆಯ ಸಿನಗಾಗ್ ಅವನು ಕಟ್ಟಿಸಲು ಹೊರಟದ್ದು, ಮುಗಿದದ್ದು 1867ರಲ್ಲಿ. ಅದರ ಆವರಣದಲ್ಲೇ ಅವನ ಸಮಾಧಿ. ದೂರದಿಂದ ನೋಡಿದರೆ ಗೋಪುರ ಥೇಟ್ ಇಂಗ್ಲೆಂಡಿನ ಚರ್ಚು. ಊರು ಕಳೆದುಕೊಂಡವನು ತನ್ನ ಊರಿನ ಮನೆ ಕಟ್ಟಲಿಲ್ಲ, ಆಳುವವರ ಊರಿನ ಮನೆ ಕಟ್ಟಿದ. ಬೇರೆ ಊರಿಗೆ ಬಂದು ನಿಲ್ಲುವವರು ಇದನ್ನು ಒಂದು ಕ್ಷಣ ಯೋಚಿಸಬೇಕು.

ನಮಗೂ ಈ ಕ್ಯಾಂಪಿಗೂ ಇರುವ ನಂಟು ಬರೀ ಹೆಂಚಿನದಲ್ಲ. 1956ರವರೆಗೆ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಜಿಲ್ಲೆಗಳು ಮುಂಬೈ ಆಡಳಿತದಲ್ಲಿದ್ದವು. ಬ್ರಿಟಿಷರ ಕಾಲಕ್ಕೆ ಮಳೆಗಾಲ ಬಂತೆಂದರೆ ಗವರ್ನರು ಪರಿವಾರ ಸಮೇತ ಪುಣೆಗೆ ಬರುತ್ತಿದ್ದರು, ಕ್ಯಾಂಪಿನ ಹತ್ತಿರದ ಕೌನ್ಸಿಲ್ ಹಾಲಿನಲ್ಲಿ ಸಭೆ ಸೇರುತ್ತಿತ್ತು. ನಮ್ಮ ಅಜ್ಜಂದಿರು ಕಟ್ಟಿದ ಕಂದಾಯದ ಮಾತು ಈ ಪಾತಿಗಳ ನಡುವೆ ಚಹಾ ಕುಡಿಯುತ್ತಾ ಆಗುತ್ತಿತ್ತು. ಈ ಮನೆಗಳ ಖರ್ಚಿನಲ್ಲಿ ನಮ್ಮ ಪಾಲೂ ಇದೆ.

ಇಷ್ಟೆಲ್ಲ ಹೇಳಲು ಒಂದು ಕಾರಣವಿದೆ. ಪರಿಚಯದವರೊಬ್ಬರ ದಯೆಯಿಂದ ಒಂದು ಭಾನುವಾರ ಅಂಥ ಬಂಗಲೆಯೊಂದರ ಒಳಗೆ ಹೋಗಲು ಸಿಕ್ಕಿತು. ಎತ್ತರದ ಕೋಣೆಗಳು, ಪೋರ್ಟಿಕೋ, ಗುಲಾಬಿ ಎಲ್ಲ ನೋಡಿ ಹಿಂದಕ್ಕೆ ಹೋದೆ. ಅಡುಗೆಮನೆ ಬೇರೆ, ಅದರಾಚೆ ಹಳೆಯ ಕುದುರೆ ಲಾಯ, ಒಂದು ಸಾಲು ಚಿಕ್ಕ ಕೋಣೆಗಳು. ಅಲ್ಲಿದ್ದ ಮಾಲಿ ನನ್ನ ಕನ್ನಡ ಕೇಳಿ ಎದ್ದು ಬಂದ. ಇಂಡಿ ತಾಲೂಕಿನವನು, ಅಪ್ಪನ ಕಾಲದಿಂದ ಇಲ್ಲೇ.

‘ಗುಲಾಬಿ ಮಾಲಕರದು, ಅಕ್ಕಾರ. ಆ ಕರಿಬೇವು, ನುಗ್ಗಿ ನಮ್ದು. ಅಪ್ಪ ಹಚ್ಚಿದ್ದು’ ಅಂದ. ಆಮೇಲೆ ದನಿ ತಗ್ಗಿಸಿ, ‘ಮುಂದಿಂದು ಹೆರಿಟೇಜ್ ಅಂತ್ರಿ, ಮುಟ್ಟಂಗಿಲ್ಲ. ಹಿಂದಿಂದು ಕೆಡವಿ ಕಾರ್ ನಿಲ್ಸೂ ಜಾಗಾ ಮಾಡ್ತಾರಂತ. ನಮಗ ಬ್ಯಾರೆ ಕಡೆ ನೋಡ್ಕೋರಿ ಅಂದಾರ’ ಅಂದ.

ನನ್ನ ತಕರಾರಿನ ತಿರುಳು ಇದು. ಮನೆಯನ್ನು ‘ಇಂಗ್ಲಿಷ್’ ಅಂತ ಕರೆದ ಕೂಡಲೇ ಉಳಿಸಬೇಕಾದದ್ದು ಪೋರ್ಟಿಕೋ ಮತ್ತು ಗುಲಾಬಿ ಮಾತ್ರ ಆಗಿಬಿಡುತ್ತದೆ. ದುಬಾರಿ ಚಿತ್ರಪುಸ್ತಕಗಳೂ ಹೆರಿಟೇಜ್ ನಡಿಗೆಗಳೂ ಸಾಮಾನ್ಯವಾಗಿ ವರಾಂಡದಲ್ಲೇ ನಿಂತುಬಿಡುತ್ತವೆ. ಖುದ್ದು ಇಂಗ್ಲೆಂಡಿನವರೇ ಹೀಗೆ ಮಾಡುತ್ತಿಲ್ಲ. ಬಾತ್ ಪಟ್ಟಣದಲ್ಲಿ 1767ರಿಂದ 74ರ ನಡುವೆ ಕಟ್ಟಿದ ರಾಯಲ್ ಕ್ರೆಸೆಂಟ್ ಸಾಲಿನ ಮೊದಲನೇ ಮನೆ ಈಗ ವಸ್ತುಸಂಗ್ರಹಾಲಯ. ಆಳುಗಳು ದುಡಿಯುತ್ತಿದ್ದ ಪಕ್ಕದ ಭಾಗ ಹಿಂದೊಮ್ಮೆ ಬೇರೆಯಾಗಿ ಹೋಗಿತ್ತು. ಅದನ್ನು ಮತ್ತೆ ಕೂಡಿಸಿ 2013ರಲ್ಲಿ ಜನರಿಗೆ ತೆರೆದರು. ಅಡುಗೆಮನೆ ಇಲ್ಲದೆ ದಿವಾನಖಾನೆಯ ಕತೆ ಅರ್ಧವಾಗುತ್ತದೆ ಅಂತ ಅವರಿಗೆ ತಿಳಿಯಿತು.

ಕ್ಯಾಂಪಿನ ಯಾವ ಬಂಗಲೆಯನ್ನು ಪಾರಂಪರಿಕ ಅಂತ ಪಟ್ಟಿಗೆ ಸೇರಿಸಿದರೂ ಅದರ ಹಿಂದಿನ ಸಾಲನ್ನೂ ಸೇರಿಸಬೇಕು. ಅಲ್ಲಿ ತಲೆಮಾರಿನಿಂದ ಇದ್ದವರ ಹೆಸರುಗಳನ್ನು ಅವರು ಹೋಗುವ ಮುಂಚೆ ಕೇಳಿ ಬರೆದಿಡಬೇಕು. ನೀವು ಪುಣೆಗೆ ಬಂದು ಇಂಥ ಮನೆಯೊಂದನ್ನು ನೋಡುವ ಅವಕಾಶ ಸಿಕ್ಕರೆ ಗುಲಾಬಿಯ ಫೋಟೋ ಧಾರಾಳ ತೆಗೆಯಿರಿ. ಹಾಗೇ ಹಿತ್ತಲಿಗೆ ಒಂದು ಸುತ್ತು ಹೋಗಿ, ಕರಿಬೇವಿನ ಗಿಡ ಯಾರು ಹಚ್ಚಿದ್ದು ಅಂತ ಕೇಳಿ. ಉತ್ತರ ಕನ್ನಡದಲ್ಲೇ ಸಿಕ್ಕೀತು.