ತಾರಸಿ ಮೇಲೊಂದು ನಿಂಬೆಹಣ್ಣು

ಸೋಲಾರ್ ಹಾಕ್ಸಿದೀವಿ, ಬಂದು ನೋಡಿ ಅಂತ ಯಾರಾದರೂ ಕರೆದರೆ ನಾನು ತಾರಸಿಗೆ ಹೋಗಿ ಮೊದಲು ಪ್ಯಾನೆಲ್ಲಿನಡಿ ಅಂಗಾತ ಮಲಗುತ್ತೇನೆ. ಟಾರ್ಚ್ ಬಿಟ್ಟು ಒಂದೊಂದೇ ಬೋಲ್ಟು ತಡವಿ ನೋಡಿದ ಮೇಲೇ ಕಾಫಿ. ಮನೆಯವರಿಗೆ ನಗು. ಅವರು ತೋರಿಸಬೇಕೆಂದಿರುವುದು ಮೊಬೈಲಿನಲ್ಲಿ ಏರುವ ಯೂನಿಟ್ಟುಗಳನ್ನು.

ಈಚೆಗೆ ಮಳವಳ್ಳಿಯ ಗೆಳೆಯರೊಬ್ಬರ ಮನೆಯಲ್ಲಿ ಹೀಗೆ ಮಲಗಿದಾಗ ನನಗೇ ನಗು ನಿಂತಿತು. ಅಲ್ಯೂಮಿನಿಯಂ ಚೌಕಟ್ಟಿನ ಮೂಲೆಗೆ ಬರೀ ತಾಮ್ರದ ತಂತಿ ಸುತ್ತಿ, ಅರ್ಥಿಂಗ್ ಬೋಲ್ಟಿನಡಿ ಬಿಗಿದುಬಿಟ್ಟಿದ್ದರು. ಸುತ್ತ ಬಿಳಿ ಪುಡಿ. ಉಗುರಿನಲ್ಲಿ ಕೆರೆದರೆ ಹಳೇ ಗೋಡೆಯ ಸುಣ್ಣದ ಹಾಗೆ ಉದುರಿತು. ಅದರಡಿ ಅಲ್ಯೂಮಿನಿಯಂ, ಇರುವೆ ಮುತ್ತಿದ ಬೆಲ್ಲದಚ್ಚಿನಂತೆ ಗುಳಿಗುಳಿ. ಹಾಕಿ ನಾಲ್ಕೇ ವರ್ಷ. ತಾಮ್ರ ಮಾತ್ರ ಗಟ್ಟಿಮುಟ್ಟಾಗಿತ್ತು.

"ಇದು ಸಮುದ್ರದ ಪಕ್ಕದವರ ಕಾಯಿಲೆ ಅಲ್ವೇನ್ರೀ, ನಮಗೆಲ್ಲಿಂದ ಬಂತು?" ಅಂದರು ಗೆಳೆಯರು.

ಪ್ರಶ್ನೆ ಸರಿಯಾದದ್ದೇ. ಮಲ್ಪೆ, ಕುಂದಾಪುರದ ಕಡೆ ಉಪ್ಪುಗಾಳಿಗೆ ಗೇಟು, ಗ್ರಿಲ್ಲು, ಸ್ಕೂಟರು ಯಾವುದೂ ಬಾಳುವುದಿಲ್ಲ. ಆದರೆ ಉಪ್ಪು ಈ ರೋಗವನ್ನು ಬೆಳೆಸುತ್ತದೆ ಅಷ್ಟೆ, ಹುಟ್ಟಿಸುವುದು ಲೋಹಗಳ ಸಹವಾಸ. ಶಾಲೆಯಲ್ಲಿ ನಿಂಬೆಹಣ್ಣಿಗೆ ತಾಮ್ರದ ತಂತಿ ಒಂದು ಕಡೆ, ಸತುವಿನ ತುಂಡು ಇನ್ನೊಂದು ಕಡೆ ಚುಚ್ಚಿ ಕರೆಂಟು ಬರಿಸಿದ್ದು ನೆನಪಿದೆಯಲ್ಲ? ಹುಳಿಯ ಜಾಗದಲ್ಲಿ ಇಬ್ಬನಿ ಇಡಿ. ಎರಡು ಲೋಹ ಒಂದಕ್ಕೊಂದು ತಾಗಿರಬೇಕು, ಅವೆರಡರ ಮೇಲೂ ಒಂದೇ ಪಸೆ ಹರಡಿರಬೇಕು, ಬ್ಯಾಟರಿ ಸಿದ್ಧ. ಸತು, ಅಲ್ಯೂಮಿನಿಯಂ ಈ ದಡ. ತಾಮ್ರ, ಸ್ಟೇನ್‌ಲೆಸ್ ಸ್ಟೀಲ್ ಆ ದಡ. ಮಾಮೂಲಿ ಕಬ್ಬಿಣ ನಡುನೀರಿನಲ್ಲಿ. ಜೊತೆಯಾದರೆ ಈ ದಡದ್ದು ಕರಗಿ ಆ ದಡದ್ದನ್ನು ಕಾಯುತ್ತದೆ.

ಇನ್ನು ಉಪ್ಪಿಗೆ ನಮ್ಮಲ್ಲೇನು ಬರವೇ? ಮದ್ದೂರಿನ ನನ್ನ ನೆಂಟರೊಬ್ಬರು ವಾರಕ್ಕೊಮ್ಮೆ ಪ್ಯಾನೆಲ್ ತೊಳೆಯುವುದು ಬೋರ್‌ವೆಲ್ ನೀರಲ್ಲಿ, ಬಕೆಟ್ಟಿನ ಅಂಚಿಗೆ ಬಿಳಿ ಹೆಪ್ಪು ಕಟ್ಟಿಸುವ ಅದೇ ನೀರಲ್ಲಿ. ನೀರು ಆರುತ್ತದೆ, ಉಪ್ಪು ಕ್ಲ್ಯಾಂಪಿನ ಸಂದಿಯಲ್ಲಿ ಕೂರುತ್ತದೆ, ಬೆಳಗಿನ ಮಂಜಿಗೆ ಮತ್ತೆ ಒದ್ದೆಯಾಗುತ್ತದೆ. ಕೊಟ್ಟಿಗೆಯ ಶೀಟಿನ ಮೇಲೆ ಪ್ಯಾನೆಲ್ ಹಾಕಿಸಿದವರಿಗೆ ಗಂಜಲದ ಅಮೋನಿಯಾ ಬೇರೆ. ಪ್ಯಾನೆಲ್ಲುಗಳಿಗೆ ಉಪ್ಪುಮಂಜಿನ ಪರೀಕ್ಷೆ ಇರುವ ಹಾಗೆ (ಐ.ಇ.ಸಿ. 61701) ಅಮೋನಿಯಾಕ್ಕೂ ಬೇರೆ ಪರೀಕ್ಷೆ ಇದೆ (ಐ.ಇ.ಸಿ. 62716). ಮಂಡ್ಯದ ಹಾಲಿನ ಮನೆಗಳವರು ಕೇಳಬೇಕಾದದ್ದು ಈ ಎರಡನೆಯದನ್ನು. ಆದರೆ ಎರಡೂ ಪ್ಯಾನೆಲ್ಲಿನ ಪರೀಕ್ಷೆಗಳು. ನಿಮ್ಮ ಮೇಸ್ತ್ರಿ ಸುತ್ತಿದ ತಂತಿಗೆ ಯಾವ ಸರ್ಟಿಫಿಕೇಟೂ ಇರುವುದಿಲ್ಲ.

ಒಂದು ಲೋಹ ಕರಗಿ ಇನ್ನೊಂದನ್ನು ಕಾಯುವ ಈ ಗುಟ್ಟು ಹಳೆಯದು. ಬ್ರಿಟಿಷ್ ನೌಕಾಪಡೆಯ ಮರದ ಹಡಗುಗಳ ತಳಕ್ಕೆ ಹೊದಿಸಿದ್ದ ತಾಮ್ರದ ತಗಡು ಸಮುದ್ರದಲ್ಲಿ ಸವೆಯುತ್ತಿತ್ತು. 1824ರಲ್ಲಿ ರಸಾಯನ ವಿಜ್ಞಾನಿ ಹಂಫ್ರಿ ಡೇವಿ ಅದಕ್ಕೆ ಸತು, ಕಬ್ಬಿಣದ ಚಿಕ್ಕ ತುಂಡುಗಳನ್ನು ಜೋಡಿಸಿದ. ತುಂಡುಗಳು ಕರಗಿದವು, ತಾಮ್ರ ಉಳಿಯಿತು. ಎಷ್ಟು ಚೆನ್ನಾಗಿ ಉಳಿಯಿತೆಂದರೆ, ಕರಗಿದ ತಾಮ್ರದ ವಿಷಕ್ಕೆ ಹೆದರಿ ದೂರವಿದ್ದ ಪಾಚಿ, ಚಿಪ್ಪುಹುಳುಗಳೆಲ್ಲ ತಳಕ್ಕೆ ಅಂಟಿಕೊಂಡು ಹಡಗಿನ ವೇಗವೇ ಕುಗ್ಗಿತು! ನಮ್ಮ ಜಿ.ಐ. ಕಂಬದ ಮೇಲಿನ ಸತುವೂ ಕಬ್ಬಿಣಕ್ಕಾಗಿ ಹೀಗೇ ತಾನು ಸವೆಯುತ್ತದೆ. ಅಂಥ ಕಂಬದ ಮೇಲ್ಗಡೆ ಬರೀ ತಾಮ್ರವಿದ್ದು, ಮಳೆನೀರು ಅದರ ಮೇಲಿಂದ ಇಳಿದರೆ, ತಾಗದಿದ್ದರೂ ಸತು ಹಾಳು. ಹಾಗಾಗಿ ತಾಮ್ರ ಯಾವತ್ತೂ ಕೆಳಗಿರಲಿ.

ಸ್ಟೇನ್‌ಲೆಸ್ ಬೋಲ್ಟೂ ಆ ದಡದ್ದೇ ಅಲ್ಲವೇ ಎನ್ನುತ್ತೀರಿ. ಹೌದು, ಆದರೆ ಇಲ್ಲಿ ಗಾತ್ರದ ಲೆಕ್ಕ ಬರುತ್ತದೆ. ದೊಡ್ಡ ಅಲ್ಯೂಮಿನಿಯಂ ಚೌಕಟ್ಟಿಗೆ ಪುಟ್ಟ ಸ್ಟೇನ್‌ಲೆಸ್ ಬೋಲ್ಟು ನಮ್ಮ ಊರುಗಳಲ್ಲಿ ನಡೆಯುತ್ತದೆ. ನಷ್ಟ ಅಗಲಕ್ಕೆ ಹಂಚಿಹೋಗುತ್ತದೆ. ಉಲ್ಟಾ ಮಾಡಿ, ದೊಡ್ಡ ಸ್ಟೇನ್‌ಲೆಸ್ ತಗಡಿಗೆ ಅಲ್ಯೂಮಿನಿಯಂ ರಿವೆಟ್ ಹೊಡೆದಿರೋ, ರಿವೆಟ್ ಉಳಿಯುವುದಿಲ್ಲ. ಕರಾವಳಿಯವರು 316 ದರ್ಜೆಯ ಬೋಲ್ಟು ಕೇಳಿ ಪಡೆಯಲಿ, ನಡುವೆ ನೈಲಾನ್ ವಾಷರನ್ನೂ ಇಡಿಸಲಿ.

ನಡುವೆ ಒಂದು ತಡೆ ಇಡುವ ಜಾಣತನ ನಮ್ಮ ಅಜ್ಜಿಯರಿಗೂ ಗೊತ್ತಿತ್ತು. ಹಿತ್ತಾಳೆ ಪಾತ್ರೆಗೆ ತವರದ ಕಲಾಯಿ ಹಾಕಿಸದೆ ಹುಣಸೆಹುಳಿಯ ಸಾರು ಕಾಯಿಸುತ್ತಿರಲಿಲ್ಲ. ಆದರೆ ತಾರಸಿಯಲ್ಲಿ ಒಂದು ತೊಡಕಿದೆ: ಎಲ್ಲ ಕಡೆ ರಬ್ಬರು, ನೈಲಾನು ತುರುಕಿದರೆ ಅರ್ಥಿಂಗ್ ತಪ್ಪುತ್ತದೆ, ಚೌಕಟ್ಟು ಮುಟ್ಟಿದವರಿಗೆ ಶಾಕ್. ಆದ್ದರಿಂದ ಅರ್ಥಿಂಗ್ ಬಿಂದುವಿನಲ್ಲಿ ಲೋಹ ಲೋಹಕ್ಕೆ ತಾಗಲೇಬೇಕು, ಅಲ್ಲಿ ತಾಮ್ರಕ್ಕೆ ತವರದ ಕಲಾಯಿ ಇರಬೇಕು. ಕಲಾಯಿಯ ಲಗ್, ಚೌಕಟ್ಟಿನ ಮೇಲಿನ ಲೇಪವನ್ನು ಕಚ್ಚಿ ಹಿಡಿಯುವ ಹಲ್ಲಿನ ಸ್ಟೇನ್‌ಲೆಸ್ ವಾಷರ್, ಇಷ್ಟೇ. ಮೂರು ಕಿಲೋವ್ಯಾಟಿಗೆ 78,000 ರೂಪಾಯಿ ಸಬ್ಸಿಡಿ ಕೊಡುವ ಸೂರ್ಯಘರ್ ಯೋಜನೆ 2024ರಲ್ಲಿ ಬಂದ ಮೇಲೆ ತಾರಸಿ ಹತ್ತುವ ಮೇಸ್ತ್ರಿಗಳು ಹೆಚ್ಚಿದ್ದಾರೆ. ಇಪ್ಪತ್ತೈದು ವರ್ಷ ವಾರಂಟಿಯ ಪ್ಯಾನೆಲ್ಲನ್ನು ಈ ಚಿಲ್ಲರೆ ಸಾಮಾನಿಗೆ ಜಿಪುಣತನ ಮಾಡಿ ಕೂರಿಸಿ ಹೋಗುವವರೂ ಅವರಲ್ಲಿದ್ದಾರೆ.

ಮಳೆಗಾಲ ಮುಗಿದ ಮೊದಲ ಭಾನುವಾರ ನೀವೂ ಒಮ್ಮೆ ಟಾರ್ಚ್ ಹಿಡಿದು ಮಲಗಿ. ಬಿಳಿ ಪುಡಿ ಕಂಡರೆ ಫೋಟೊ ತೆಗೆದು, ಹಾಕಿದವರನ್ನೇ ಕರೆಸಿ. ನೀವು ಸ್ಪ್ಯಾನರ್ ಹಿಡಿಯಬೇಡಿ. ಬಿಸಿಲು ಇರುವ ತನಕ ಪ್ಯಾನೆಲ್ಲಿಗೆ ಆಫ್ ಸ್ವಿಚ್ಚಿಲ್ಲ.