70 ಅಂಕದ ಸೋಲು, 68 ಅಂಕದ ಗೆಲುವು

ಫುಟ್‌ಬಾಲ್ ತರಬೇತುದಾರನೊಬ್ಬನ ಯೋಗ್ಯತೆಯ ಬಗ್ಗೆ ತೀರ್ಪು ಕೊಡುವವರಲ್ಲಿ ಆತನ ಮಾಜಿ ಕ್ಲಬ್ಬಿನ ಅಭಿಮಾನಿಗಳದು ವಿಚಿತ್ರವಾದ ಸ್ಥಾನ. ಆತನ ಕೆಲಸವನ್ನು ವಾರ ವಾರವೂ ಹತ್ತಿರದಿಂದ ಕಂಡವರು ಅವರೇ ಆಗಿರುವುದರಿಂದ ಅವರ ಮಾತಿಗೆ ತೂಕವುಂಟು, ಆದರೆ ಆತ ಬೇರೆಡೆ ಗೆದ್ದರೆ ತಮ್ಮ ಹಳೆಯ ತೀರ್ಪು ಸುಳ್ಳಾದೀತೆಂಬ ಅಂಜಿಕೆಯೂ ಅವರಿಗೇ ಹೆಚ್ಚಾಗಿರುವುದರಿಂದ ಆ ಮಾತನ್ನು ಪೂರ್ತಿ ನಂಬುವಂತೆಯೂ ಇಲ್ಲ. 2004ರಲ್ಲಿ ಚೆಲ್ಸಿ ಕೈಬಿಟ್ಟ ಕ್ಲಾಡಿಯೊ ರನಿಯೇರಿ 2016ರಲ್ಲಿ ಲೆಸ್ಟರ್ ಸಿಟಿಯನ್ನು ಇಂಗ್ಲೆಂಡಿನ ಚಾಂಪಿಯನ್ ಮಾಡಿದಾಗ, ಮರುವಿಚಾರಣೆ ಹನ್ನೆರಡು ವರ್ಷ ತಡವಾಗಿ ಬಂದುದರಿಂದ ಅದರಲ್ಲಿ ಕಹಿ ಉಳಿದಿರಲಿಲ್ಲ. ಉನಾಯ್ ಎಮೆರಿ ಅವರ ವಿಷಯದಲ್ಲಿ ಆರ್ಸೆನಲ್ ಅಭಿಮಾನಿಗಳಿಗೆ ಈ ಅನುಕೂಲ ದೊರೆಯಲಿಲ್ಲ. 2019ರ ನವೆಂಬರಿನಲ್ಲಿ ಅವರು ಕೈಬಿಟ್ಟ ಈ ಬಾಸ್ಕ್ ತರಬೇತುದಾರ ಎರಡು ವರ್ಷ ತುಂಬುವ ಮೊದಲೇ ಸ್ಪೇನಿನ ಸಣ್ಣ ಪಟ್ಟಣವಾದ ವಿಯಾರಿಯಾಲ್‌ನ ತಂಡದೊಡನೆ ಬಂದು ಅವರನ್ನು ಯುರೋಪಿನ ಸ್ಪರ್ಧೆಯಿಂದ ಹೊರದಬ್ಬಿದರು. ಆ ಬಳಿಕ ಬರ್ಮಿಂಗ್‌ಹ್ಯಾಮಿನ ಆಸ್ಟನ್ ವಿಲ್ಲಾದ ಹೊಣೆ ಹೊತ್ತು, ಅವರ ಕಣ್ಣೆದುರೇ, ಅವರದೇ ಲೀಗಿನಲ್ಲಿ, ತಮ್ಮ ಹೆಸರನ್ನು ಮತ್ತೆ ಕಟ್ಟಿಕೊಂಡರು.

ಎಮೆರಿ ಆರ್ಸೆನಲ್‌ಗೆ ಬಂದದ್ದು 2018ರ ಮೇ ತಿಂಗಳಲ್ಲಿ, 22 ವರ್ಷ ಆ ಕ್ಲಬ್ಬನ್ನು ಆಳಿದ ಆರ್ಸೆನ್ ವೆಂಗರ್ ನಿರ್ಗಮಿಸಿದ ಬೆನ್ನಿಗೇ. ಅಷ್ಟರಲ್ಲಿ ಅವರು ಸೆವಿಯಾ ತಂಡಕ್ಕೆ 2014, 2015 ಮತ್ತು 2016ರಲ್ಲಿ ಸಾಲಾಗಿ ಮೂರು ಬಾರಿ ಯುರೋಪಾ ಲೀಗ್ ಗೆದ್ದುಕೊಟ್ಟಿದ್ದರು. ಚಾಂಪಿಯನ್ಸ್ ಲೀಗಿನ ನಂತರದ, ಎರಡನೆಯ ದರ್ಜೆಯ ಯುರೋಪಿಯನ್ ಸ್ಪರ್ಧೆ ಇದು. ಪ್ಯಾರಿಸ್ ಸೇಂಟ್ ಜರ್ಮೇನ್ ತಂಡದೊಡನೆ ಫ್ರಾನ್ಸಿನ ಲೀಗನ್ನು ಗೆದ್ದಿದ್ದರೂ, 2017ರ ಮಾರ್ಚಿನಲ್ಲಿ ಬಾರ್ಸಿಲೋನಾ ವಿರುದ್ಧ 4-0 ಮುನ್ನಡೆಯನ್ನು ಎರಡನೆಯ ಪಂದ್ಯದಲ್ಲಿ 6-1ರಿಂದ ಕಳೆದುಕೊಂಡ ಕಳಂಕವೂ ಅವರ ಬೆನ್ನಿಗಿತ್ತು. ಲಂಡನ್ನಿನ ಮೊದಲ ತಿಂಗಳುಗಳು ಚೆನ್ನಾಗಿಯೇ ಕಳೆದವು, ಒಂದು ಹಂತದಲ್ಲಿ ಎಲ್ಲ ಸ್ಪರ್ಧೆಗಳೂ ಸೇರಿ ಸತತ 22 ಪಂದ್ಯಗಳಲ್ಲಿ ತಂಡ ಸೋಲು ಕಾಣಲಿಲ್ಲ. 2019ರ ಏಪ್ರಿಲ್ ಬಂದಾಗ ಎಲ್ಲವೂ ತಿರುವುಮುರುವಾಯಿತು: ಕ್ರಿಸ್ಟಲ್ ಪ್ಯಾಲೇಸ್, ವುಲ್ವ್ಸ್, ಲೆಸ್ಟರ್ ವಿರುದ್ಧ ಒಂದರ ಹಿಂದೊಂದು ಸೋಲು, ಬ್ರೈಟನ್ ವಿರುದ್ಧ ಡ್ರಾ, ಕೊನೆಗೆ ಬಾಕುವಿನಲ್ಲಿ ನಡೆದ ಯುರೋಪಾ ಲೀಗ್ ಫೈನಲ್‌ನಲ್ಲಿ ಚೆಲ್ಸಿಯ ಎದುರು 4-1ರ ಹೀನಾಯ ಸೋಲು. ಮುಂದಿನ ಋತುವಿನಲ್ಲಿ ಏಳು ಪಂದ್ಯ ಗೆಲುವಿಲ್ಲದೆ ಕಳೆದ ಮೇಲೆ, ಫ್ರಾಂಕ್‌ಫರ್ಟ್ ತಂಡ ಆರ್ಸೆನಲ್ ನೆಲದಲ್ಲೇ 2-1ರಿಂದ ಗೆದ್ದ ಮರುದಿನ, ಅಂದರೆ ನವೆಂಬರ್ 29ರಂದು, ಅವರನ್ನು ವಜಾ ಮಾಡಲಾಯಿತು.

ಅಭಿಮಾನಿಗಳ ಮರುಮೌಲ್ಯಮಾಪನದಲ್ಲಿ ಬಹುಪಾಲು ಕಣ್ತಪ್ಪಿ ಹೋಗುವ ಒಂದು ಲೆಕ್ಕ ಇಲ್ಲಿದೆ. 2018-19ರಲ್ಲಿ ಎಮೆರಿಯ ಆರ್ಸೆನಲ್ ಗಳಿಸಿದ್ದು 70 ಅಂಕ. ನಾಲ್ಕನೆಯ ಸ್ಥಾನ ಪಡೆದ ಟಾಟನ್‌ಹ್ಯಾಮ್ 71 ಅಂಕ ಗಳಿಸಿದ್ದರಿಂದ ಒಂದೇ ಒಂದು ಅಂಕದ ಕೊರತೆಯಲ್ಲಿ ಐದನೆಯದಾಗಿ ಉಳಿದ ಆರ್ಸೆನಲ್‌ಗೆ ಚಾಂಪಿಯನ್ಸ್ ಲೀಗ್ ಪ್ರವೇಶ ತಪ್ಪಿತು, ಋತು ವಿಫಲವೆಂದು ಬರೆಯಲ್ಪಟ್ಟಿತು. 2023-24ರಲ್ಲಿ ಅದೇ ಎಮೆರಿಯ ವಿಲ್ಲಾ 68 ಅಂಕಗಳೊಂದಿಗೆ ನಾಲ್ಕನೆಯ ಸ್ಥಾನಕ್ಕೇರಿ, 1982-83ರ ನಂತರ ಮೊದಲ ಬಾರಿಗೆ ಯುರೋಪಿನ ಅಗ್ರ ಸ್ಪರ್ಧೆಗೆ ಮರಳಿದಾಗ ಆ ಊರಿನಲ್ಲಿ ಹಬ್ಬವೇ ನಡೆಯಿತು. ಬಿಟ್ಟುಕೊಟ್ಟ ಗೋಲುಗಳನ್ನು ಎಣಿಸಿದರೆ ಅಚ್ಚರಿ ಇನ್ನಷ್ಟು ಹೆಚ್ಚುತ್ತದೆ. ಆರ್ಸೆನಲ್ 51 ಗೋಲು ಬಿಟ್ಟುಕೊಟ್ಟಿದ್ದರೆ ವಿಲ್ಲಾ ಬಿಟ್ಟುಕೊಟ್ಟದ್ದು 61. ಅಷ್ಟೇ ಅಲ್ಲ, ವೆಂಗರ್ ಅವರ ಕೊನೆಯ ಋತುವಿನಲ್ಲೂ ಆರ್ಸೆನಲ್ ಬಿಟ್ಟುಕೊಟ್ಟದ್ದು ಸರಿಯಾಗಿ 51 ಗೋಲುಗಳನ್ನೇ, ಗಳಿಸಿದ್ದು 63 ಅಂಕ. ಹೀಗಿರುವಾಗ ಸಂಖ್ಯೆಗಳನ್ನಷ್ಟೇ ನೋಡುವವನು ಎಮೆರಿ ಒಂದೆಡೆ ಸೋತರು, ಇನ್ನೊಂದೆಡೆ ಗೆದ್ದರು ಎನ್ನಲಾರ. ಬೇರೆಯಾಗಿದ್ದದ್ದು ಎರಡು ಊರುಗಳ ನಿರೀಕ್ಷೆ ಎಂದಷ್ಟೇ ಹೇಳಿಯಾನು.

ಆದರೆ ಆ ಮಾತೂ ಅರ್ಧ ಸತ್ಯವೇ. 2019ರ ಶರತ್ಕಾಲದಲ್ಲಿ ಆರ್ಸೆನಲ್ ಅಭಿಮಾನಿಗಳು ಕಂಡದ್ದು ಭ್ರಮೆಯಾಗಿರಲಿಲ್ಲ. ಅದಕ್ಕೆ ಸೆಪ್ಟೆಂಬರ್ 15ರಂದು ವಾಟ್‌ಫರ್ಡ್‌ನಲ್ಲಿ ನಡೆದ ಪಂದ್ಯವೊಂದೇ ಸಾಕ್ಷಿ. ಅಲ್ಲಿ ಆರ್ಸೆನಲ್ ಎಡವಿದ್ದು ಗೋಲ್ ಕಿಕ್‌ನಲ್ಲಿ. ಗೋಲ್ ಕಿಕ್ ಎಂದರೆ, ದಾಳಿ ಮಾಡಿದ ತಂಡದಿಂದಲೇ ಚೆಂಡು ಗೋಲುಗೆರೆಯ ಆಚೆ ಹೋದಾಗ ರಕ್ಷಿಸುವ ತಂಡ ತನ್ನ ಗೋಲಿನ ಮುಂದಿನಿಂದ ಆಟವನ್ನು ಮತ್ತೆ ಆರಂಭಿಸುವ ಒದೆತ. ಆ ವರ್ಷ ಬದಲಾದ ನಿಯಮದಂತೆ ಚೆಂಡು ಪೆನಾಲ್ಟಿ ಆವರಣದಿಂದ ಹೊರಬೀಳುವವರೆಗೆ ಕಾಯದೆ ಒಳಗೇ ಸಹ ಆಟಗಾರನಿಗೆ ಕೊಡಬಹುದಾಗಿತ್ತು. ಎದುರಾಳಿಯನ್ನು ತನ್ನತ್ತ ಸೆಳೆದು, ಅವರು ಬಿಟ್ಟುಬಂದ ಜಾಗಕ್ಕೆ ಚೆಂಡನ್ನು ದಾಟಿಸುವುದು ಎಮೆರಿಯ ಆಟದ ಮೂಲಪಾಠವಾದ್ದರಿಂದ ಅವರು ಈ ಅವಕಾಶವನ್ನು ಕೂಡಲೇ ಬಳಸಿಕೊಂಡರು. 2-0 ಮುಂದಿದ್ದ ಆರ್ಸೆನಲ್‌ನ ಸೊಕ್ರಾಟಿಸ್, ಆವರಣದೊಳಗೆ ಗೆಂಡೂಝಿಯತ್ತ ತಳ್ಳಿದ ಚೆಂಡನ್ನು ಎದುರಾಳಿಗಳು ದಾರಿಯಲ್ಲೇ ಕಸಿದುಕೊಂಡರು, ಟಾಮ್ ಕ್ಲೆವರ್ಲಿ ಗೋಲು ಹೊಡೆದರು, ಬಳಿಕ ಪೆನಾಲ್ಟಿಯೊಂದರಿಂದ ಪಂದ್ಯ 2-2 ಆಯಿತು. ಅಂಕಪಟ್ಟಿಯ ತಳದಲ್ಲಿದ್ದ ವಾಟ್‌ಫರ್ಡ್ ಆ ದಿನ ಗೋಲಿನತ್ತ ಹೊಡೆದ ಹೊಡೆತಗಳು 31. ಇಂಥ ಆಟವನ್ನು ಕಂಡು ಸಿಟ್ಟಿಗೇಳದ ಅಭಿಮಾನಿ ಅಭಿಮಾನಿಯೇ ಅಲ್ಲ.

ತಪ್ಪಾದದ್ದು ಕಂಡದ್ದರಲ್ಲಿ ಅಲ್ಲ, ಕಾರಣ ಹೇಳಿದ್ದರಲ್ಲಿ. ಎಮೆರಿಗೆ ಸ್ಪಷ್ಟವಾದ ವಿಚಾರವೇ ಇಲ್ಲ, ಎದುರಾಳಿಯನ್ನು ನೋಡಿ ವಾರಕ್ಕೊಂದು ವ್ಯೂಹ ಬದಲಿಸುತ್ತಾರೆ, ದೊಡ್ಡ ಕ್ಲಬ್ಬಿನ ಆಟಗಾರರನ್ನು ನಿಭಾಯಿಸುವ ಗಟ್ಟಿತನವಿಲ್ಲ ಎಂಬವು ಅಂದಿನ ತೀರ್ಮಾನಗಳು. ಇವುಗಳ ಜೊತೆಗೆ ಸೇರಿಕೊಂಡದ್ದು, ಬಹುಶಃ ಇಡೀ ಪ್ರಕರಣದಲ್ಲಿ ಅತ್ಯಂತ ನಾಚಿಕೆಗೇಡಿನ ಭಾಗ, ಅವರ ಇಂಗ್ಲಿಷ್ ಉಚ್ಚಾರದ ಅಣಕ. ಪತ್ರಿಕಾಗೋಷ್ಠಿಯ ಆರಂಭದಲ್ಲಿ ಅವರು ಹೇಳುತ್ತಿದ್ದ ಶುಭಸಂಜೆಯ ವಂದನೆ ನಗೆಪಾಟಲಾಯಿತು, ಮಾತು ಬಾರದವನಿಗೆ ಆಟವೂ ಬಾರದೆಂಬಂತೆ ಜನ ಆಡಿಕೊಂಡರು. ಅವರು ಆಟಗಾರರಿಗೆ ಹೊತ್ತುಗಟ್ಟಲೆ ವಿಡಿಯೊ ತೋರಿಸುವ ಅಭ್ಯಾಸವೂ ಗೇಲಿಗೊಳಗಾಯಿತು. ವಲೆನ್ಸಿಯಾದಲ್ಲಿ ಅವರ ಕೈಕೆಳಗೆ ಆಡಿದ್ದ ಹೊವಾಕಿನ್, ವಿಡಿಯೊ ನೋಡಿ ನೋಡಿ ಪಾಪ್‌ಕಾರ್ನ್ ಮುಗಿದೇ ಹೋಯಿತೆಂದು ಹಿಂದೆ ಮಾಡಿದ್ದ ತಮಾಷೆ ಲಂಡನ್ನಿನಲ್ಲಿ ಆರೋಪಪಟ್ಟಿಯ ಸಾಲಾಗಿ ಮಾರ್ಪಟ್ಟಿತು. ವಿಲ್ಲಾದಲ್ಲಿಯೂ ಅದೇ ಉಚ್ಚಾರ, ಅದೇ ವಿಡಿಯೊ. ಅಲ್ಲಿ ಮಾತ್ರ ಮೊದಲನೆಯದನ್ನು ಆತ್ಮೀಯತೆಯೆಂದೂ ಎರಡನೆಯದನ್ನು ಶ್ರದ್ಧೆಯೆಂದೂ ಕರೆಯಲಾಗುತ್ತದೆ.

ಸೋತ ವಿಧಾನವೇ ಬೇರೆಡೆ ಹೇಗೆ ಗೆದ್ದಿತೆಂಬುದನ್ನು ತಿಳಿಯಲು ವಿಲ್ಲಾ ತಂಡದ ರಕ್ಷಣಾಸಾಲನ್ನು ಗಮನಿಸಬೇಕು. ಆಫ್‌ಸೈಡ್ ನಿಯಮದ ಪ್ರಕಾರ, ಸಹ ಆಟಗಾರನು ಚೆಂಡನ್ನು ಮುಂದಕ್ಕೆ ಕಳುಹಿಸುವ ಕ್ಷಣದಲ್ಲಿ ದಾಳಿಗಾರನು ಎದುರಾಳಿಯ ಅರ್ಧದಲ್ಲಿ ಚೆಂಡಿಗಿಂತಲೂ ಕೊನೆಯಿಂದ ಎರಡನೆಯ ರಕ್ಷಕನಿಗಿಂತಲೂ ಗೋಲಿಗೆ ಹತ್ತಿರವಿದ್ದು ಆಟದಲ್ಲಿ ಭಾಗಿಯಾದರೆ ಅದು ತಪ್ಪು. ಈ ನಿಯಮವನ್ನೇ ಬಲೆಯಾಗಿ ಹೆಣೆದು, ನಾಲ್ವರು ರಕ್ಷಕರೂ ಒಟ್ಟಿಗೆ, ಒಂದೇ ಗಳಿಗೆಯಲ್ಲಿ ಎರಡು ಹೆಜ್ಜೆ ಮುಂದಿಟ್ಟು ದಾಳಿಗಾರನನ್ನು ಹಿಂದೆ ಬಿಟ್ಟುಬಿಡುವುದು ಆಫ್‌ಸೈಡ್ ಬಲೆ. ವಿಲ್ಲಾದ ಸಾಲು ಮೈದಾನದ ಮಧ್ಯಗೆರೆಯ ಸಮೀಪಕ್ಕೂ ಏರಿ ನಿಲ್ಲುತ್ತಿತ್ತು. 2023-24ರಲ್ಲಿ ಲೀಗಿನ ಬೇರಾವ ತಂಡವೂ ಎದುರಾಳಿಗಳನ್ನು ಅಷ್ಟು ಬಾರಿ ಆಫ್‌ಸೈಡಿನಲ್ಲಿ ಸಿಲುಕಿಸಲಿಲ್ಲ. ನಾಲ್ವರಲ್ಲಿ ಒಬ್ಬನ ಕಾಲು ಅರೆಕ್ಷಣ ತಡವಾದರೂ ಬಲೆ ಹರಿದು ಎದುರಾಳಿ ಗೋಲ್‌ಕೀಪರನ ಎದುರು ಒಂಟಿಯಾಗಿ ನಿಲ್ಲುವುದರಿಂದ, ಇದು ಧೈರ್ಯಕ್ಕಿಂತ ಹೆಚ್ಚಾಗಿ ರೂಢಿಯ ಕೆಲಸ; ಮೇಲೆ ಹೇಳಿದ 61 ಗೋಲುಗಳಲ್ಲಿ ಕೆಲವು ಈ ಪಣದ ಬೆಲೆ. ಇಂಥ ರೂಢಿ ಮೂಡಬೇಕಾದರೆ ಬೇಸರ ಹುಟ್ಟುವಷ್ಟು ಅಭ್ಯಾಸ ಬೇಕು, ಆ ಬೇಸರವನ್ನು ಸಹಿಸಿಕೊಳ್ಳಲು ಒಪ್ಪುವ ಆಟಗಾರರೂ ಬೇಕು. ವೆಂಗರ್ ಅವರ ಕಾಲದ ಸ್ವಾತಂತ್ರ್ಯದಲ್ಲಿ ಬೆಳೆದ ಆರ್ಸೆನಲ್ ಆಟಗಾರರಲ್ಲಿ ಅಂಥವರು ಕಡಿಮೆ. ಕೆಳಗಿನಿಂದ ಆಟ ಕಟ್ಟುವ ವಿಷಯದಲ್ಲೂ ಹಾಗೆಯೇ: ವಿಲ್ಲಾದಲ್ಲಿ ಎಮೆರಿಗೆ ದೊರೆತ ಗೋಲ್‌ಕೀಪರ್ ಎಮಿಲಿಯಾನೊ ಮಾರ್ಟಿನೆಸ್ ಎದುರಾಳಿ ಮೈಮೇಲೆ ಬರುವವರೆಗೂ ಚೆಂಡಿನ ಮೇಲೆ ಕಾಲಿಟ್ಟು ಕಾಯಬಲ್ಲ ಗಟ್ಟಿಗ; ಎಡಗಾಲಿನ ರಕ್ಷಕ ಪಾವ್ ಟೊರೆಸ್ ಈ ಪಾಠವನ್ನು ವಿಯಾರಿಯಾಲ್‌ನಲ್ಲಿ ಎಮೆರಿಯಿಂದಲೇ ಕಲಿತು ಬಂದವನು. ವಿಪರ್ಯಾಸವೆಂದರೆ ಈ ಮಾರ್ಟಿನೆಸ್ ಎಮೆರಿಯ ಆರ್ಸೆನಲ್‌ನಲ್ಲೇ ಇದ್ದ, 2019ರ ಜನವರಿಯಲ್ಲಿ ಆತನನ್ನು ರೆಡಿಂಗ್ ಕ್ಲಬ್ಬಿಗೆ ಎರವಲು ಕೊಟ್ಟದ್ದೂ ಎಮೆರಿಯ ಕಾಲದಲ್ಲೇ.

  

ಆರ್ಸೆನಲ್ ಮತ್ತು ವಿಲ್ಲಾಗಳ ನಡುವಿನ ವಿಯಾರಿಯಾಲ್ ಅಧ್ಯಾಯವನ್ನು ಆರ್ಸೆನಲ್ ಅಭಿಮಾನಿಗಳು ಮೊದಲು ಹಗುರವಾಗಿ ಕಂಡರು. 2021ರ ಯುರೋಪಾ ಲೀಗ್ ಸೆಮಿಫೈನಲ್‌ನಲ್ಲಿ ವಿಯಾರಿಯಾಲ್ 2-1ರಿಂದ ಗೆದ್ದು ಲಂಡನ್ನಿನಲ್ಲಿ 0-0 ಕಾಯ್ದುಕೊಂಡು ಆರ್ಸೆನಲನ್ನು ಹೊರಹಾಕಿದಾಗ, ಫೈನಲ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ ಪೆನಾಲ್ಟಿಗಳಲ್ಲಿ 11-10ರಿಂದ ಗೆದ್ದು ಆ ಕ್ಲಬ್ಬಿನ ಮೊದಲ ದೊಡ್ಡ ಪ್ರಶಸ್ತಿಯನ್ನು ತಂದಾಗಲೂ, ಎಮೆರಿ ಯುರೋಪಾ ಲೀಗಿಗೆ ಮಾತ್ರ ಲಾಯಕ್ಕಾದವರು ಎಂಬ ಮಾತು ನಡೆದೇ ಇತ್ತು. ಮುಂದಿನ ವರ್ಷ ಅದೇ ತಂಡ ಚಾಂಪಿಯನ್ಸ್ ಲೀಗಿನಲ್ಲಿ ಯುವೆಂಟಸ್ ತಂಡವನ್ನು ಟ್ಯೂರಿನ್‌ನಲ್ಲೇ 3-0ರಿಂದ ಸೋಲಿಸಿ, ಬಯರ್ನ್ ಮ್ಯೂನಿಕ್ ತಂಡವನ್ನೂ ದಾಟಿ ಸೆಮಿಫೈನಲ್ ತಲುಪಿದ ಮೇಲೆ ಆ ಮಾತು ನಿಂತಿತು.

ತಿರುವು ಪೂರ್ಣವಾದದ್ದು 2024ರ ಏಪ್ರಿಲ್ 14ರಂದು. ಆರ್ಸೆನಲ್ ಪ್ರಶಸ್ತಿಯ ಓಟದಲ್ಲಿತ್ತು, ವಿಲ್ಲಾ ಆಡಲು ಬಂದಿದ್ದ ಅದರ ತವರು ಎಮಿರೇಟ್ಸ್ ಮೈದಾನ ಕಿಕ್ಕಿರಿದಿತ್ತು. ಮೊದಲರ್ಧದ ಒತ್ತಡವನ್ನು ಮಾರ್ಟಿನೆಸ್ ಮತ್ತು ಅದೃಷ್ಟ ತಡೆದವು. ಎರಡನೆಯ ಅರ್ಧದಲ್ಲಿ ವಿಲ್ಲಾ ಆಟಗಾರರು ಅವಸರವಿಲ್ಲದೆ, ಆರ್ಸೆನಲ್‌ನ ದಾಳಿಗಾರರು ಬೆನ್ನಟ್ಟಿ ಬೆನ್ನಟ್ಟಿ ದಣಿಯುವವರೆಗೆ, ಚೆಂಡನ್ನು ತಮ್ಮೊಳಗೇ ದಾಟಿಸುತ್ತ ಹೋದರು. ಟೀಲೆಮನ್ಸ್ ಹೊಡೆದ ಚೆಂಡು ಗೋಲುಕಂಬಕ್ಕೆ ಬಡಿದು ಬಂದದ್ದು ಬರಲಿರುವುದರ ಸೂಚನೆಯಾಗಿತ್ತು. 84ನೆಯ ನಿಮಿಷದಲ್ಲಿ ಡೀನ್ ಎಡಬದಿಯಿಂದ ಹಾಯಿಸಿದ ಚೆಂಡನ್ನು ದೂರದ ಕಂಬದ ಬಳಿ ಸಹ ಆಟಗಾರ ಬೇಲಿ ಗೋಲಿಗೆ ತಳ್ಳಿದರು, ಮೂರು ನಿಮಿಷದ ಬಳಿಕ ವಾಟ್ಕಿನ್ಸ್ ಒಂಟಿಯಾಗಿ ಓಡಿಬಂದು ಗೋಲ್‌ಕೀಪರನ ಮೇಲಿಂದ ಚೆಂಡನ್ನು ಮೆಲ್ಲನೆ ಎತ್ತಿ ಹಾಕಿದರು. ಆ ಋತುವಿನ ಕೊನೆಗೆ ಮ್ಯಾಂಚೆಸ್ಟರ್ ಸಿಟಿ 91 ಅಂಕ, ಆರ್ಸೆನಲ್ 89. ಡಿಸೆಂಬರಿನಲ್ಲಿ ವಿಲ್ಲಾ ಪಾರ್ಕಿನಲ್ಲೂ ಆರ್ಸೆನಲ್ 1-0ರಿಂದ ಸೋತಿತ್ತೆಂಬುದನ್ನು ನೆನೆದರೆ, ಹಳೆಯ ತರಬೇತುದಾರನೊಬ್ಬನೇ ಆರು ಅಂಕಗಳನ್ನು ಕಿತ್ತುಕೊಂಡಂತಾಯಿತು.

ಇದರ ನಂತರ ಆರ್ಸೆನಲ್ ಪಾಳಯದಲ್ಲಿ ಕೇಳಿಬಂದ ಪಶ್ಚಾತ್ತಾಪದ ದನಿಯೂ ಅತಿರೇಕದ್ದೇ. ಎಮೆರಿಯನ್ನು ಕಳುಹಿಸಿದ್ದರಿಂದ ಕ್ಲಬ್ಬಿಗೆ ನಷ್ಟವಾಯಿತೆನ್ನಲು ಆಧಾರವಿಲ್ಲ. ಅವರ ಜಾಗಕ್ಕೆ ಬಂದ ಮಿಕೆಲ್ ಆರ್ಟೆಟಾ ಮೊದಲೆರಡು ಋತುಗಳಲ್ಲಿ ಎಂಟನೆಯ ಸ್ಥಾನದಲ್ಲೇ ಉಳಿದರೂ 2023ರಿಂದ 2025ರವರೆಗೆ ಮೂರು ವರ್ಷ ಸತತವಾಗಿ ತಂಡವನ್ನು ಎರಡನೆಯ ಸ್ಥಾನಕ್ಕೆ ತಂದರು. ಎಂಟನೆಯ ಸ್ಥಾನಕ್ಕೆ ತೋರಿದ ತಾಳ್ಮೆಯನ್ನು ಐದನೆಯ ಸ್ಥಾನಕ್ಕೆ ಯಾಕೆ ತೋರಲಿಲ್ಲವೆಂಬುದು ಮಾತ್ರ ನ್ಯಾಯವಾದ ಪ್ರಶ್ನೆ, ಅದರ ಉತ್ತರ ಆಟಕ್ಕಿಂತ ಅಧಿಕಾರದ ವಿಷಯಕ್ಕೆ ಸೇರಿದ್ದು. ಇಂಗ್ಲಿಷ್ ಫುಟ್‌ಬಾಲಿನಲ್ಲಿ ‘ಮ್ಯಾನೇಜರ್’ ಎಂದರೆ ತರಬೇತಿಯ ಜೊತೆಗೆ ಆಟಗಾರರನ್ನು ಕೊಳ್ಳುವ, ಮಾರುವ ತೀರ್ಮಾನಗಳಲ್ಲೂ ಮೇಲುಗೈ ಉಳ್ಳವನು. ‘ಹೆಡ್ ಕೋಚ್’ ಎಂದರೆ ಕೊಟ್ಟ ತಂಡವನ್ನು ಆಡಿಸುವವನು. ಎಮೆರಿಗೆ ಆರ್ಸೆನಲ್ ಕೊಟ್ಟದ್ದು ಎರಡನೆಯ ಹುದ್ದೆ. ಅವರನ್ನು ಆರಿಸಿದ ಮುಖ್ಯ ಕಾರ್ಯನಿರ್ವಾಹಕ ಇವಾನ್ ಗಜೀಡಿಸ್ ಕೆಲವೇ ತಿಂಗಳಲ್ಲಿ ಮಿಲಾನ್‌ಗೆ ಹೊರಟುಹೋದರು. ಆಟಗಾರರನ್ನು ಗುರುತಿಸುವ ಹೊಣೆ ಹೊತ್ತಿದ್ದ ಸ್ವೆನ್ ಮಿಸ್ಲಿಂಟಾಟ್ ಕೂಡ 2019ರ ಆರಂಭದಲ್ಲಿ ಬಿಟ್ಟರು. ಎಮೆರಿ ವಿಲ್ಫ್ರೆಡ್ ಝಾಹಾ ಬೇಕೆಂದರೆ ಕ್ಲಬ್ಬು 7.2 ಕೋಟಿ ಪೌಂಡ್ ತೆತ್ತು ನಿಕೊಲಾ ಪೆಪೆಯನ್ನು ತಂದಿತು. ನಾಯಕನನ್ನು ಆಟಗಾರರ ಮತದಿಂದ ಆರಿಸುವ ವ್ಯವಸ್ಥೆ ಮಾಡಿದ್ದು ಮಾತ್ರ ಎಮೆರಿಯದೇ ತಪ್ಪು. ಹಾಗೆ ನಾಯಕನಾದ ಗ್ರಾನಿಟ್ ಝಾಕಾ ಅಕ್ಟೋಬರಿನಲ್ಲಿ ತನ್ನದೇ ಪ್ರೇಕ್ಷಕರ ಧಿಕ್ಕಾರಕ್ಕೆ ಕಿವಿಗೆ ಕೈಯಾನಿಸಿ, ಅಂಗಿ ಕಳಚುತ್ತ ಹೊರನಡೆದಾಗ ಅಧಿಕಾರ ಯಾರ ಕೈಯಲ್ಲೂ ಇಲ್ಲವೆಂಬುದು ಬಯಲಾಯಿತು. ವಿಲ್ಲಾದ ಮಾಲೀಕರು ಇದಕ್ಕೆ ತದ್ವಿರುದ್ಧವಾಗಿ ನಡೆದುಕೊಂಡರು. ಎಮೆರಿಯೊಡನೆ ಸೆವಿಯಾದಲ್ಲಿ ದುಡಿದಿದ್ದ ಮೊಂಚಿಯನ್ನೇ 2023ರಲ್ಲಿ ಕರೆತಂದು, ಕ್ಲಬ್ಬಿನ ಫುಟ್‌ಬಾಲ್ ಆಡಳಿತವೆಲ್ಲ ತರಬೇತುದಾರನ ವಿಚಾರಕ್ಕೆ ಹೊಂದಿ ನಡೆಯುವಂತೆ ಮಾಡಿದರು.

ಸಮಸ್ಯೆ ಅಧಿಕಾರದ್ದೆಂಬುದು ಆರ್ಸೆನಲ್ ಆಡಳಿತಕ್ಕೆ ಅಭಿಮಾನಿಗಳಿಗಿಂತ ಮೊದಲೇ ಹೊಳೆದಿರಬೇಕು. ಎಮೆರಿ ಹೋಗಿ ವರ್ಷ ತುಂಬುವ ಮೊದಲೇ, 2020ರ ಸೆಪ್ಟೆಂಬರಿನಲ್ಲಿ, ಕ್ಲಬ್ಬು ಆರ್ಟೆಟಾ ಅವರ ಹುದ್ದೆಯ ಹೆಸರನ್ನು ಹೆಡ್ ಕೋಚ್‌ನಿಂದ ಮ್ಯಾನೇಜರ್ ಎಂದು ಬದಲಿಸಿತು.