ಕಿವಿ ಯಾರ ಮಾತು ಕೇಳಬೇಕು?

ಜಪಾನಿನ ನ್ಯೂರೋವೇರ್ ಅನ್ನೋ ತಂಡ 2011ರಲ್ಲಿ ‘ನೆಕೋಮಿಮಿ’ ಅಂತ ಒಂದು ಹೆಡ್‌ಬ್ಯಾಂಡ್ ತೋರಿಸಿತು. ನೆಕೋ ಅಂದರೆ ಬೆಕ್ಕು, ಮಿಮಿ ಅಂದರೆ ಕಿವಿ. ಹಾಕಿಕೊಂಡರೆ ತಲೆಯ ಮೇಲೆ ಎರಡು ಬಿಳಿ ಬೆಕ್ಕಿನ ಕಿವಿ. ಮನಸ್ಸಿಟ್ಟು ಏನಾದರೂ ಮಾಡುತ್ತಿದ್ದರೆ ಅವು ನಿಮಿರುತ್ತವೆ, ಆರಾಮಾಗಿದ್ದರೆ ಜೋತುಬೀಳುತ್ತವೆ, ಎರಡೂ ಸೇರಿದ ಸ್ಥಿತಿಯಲ್ಲಿದ್ದರೆ ಪಟಪಟ ಅಲ್ಲಾಡುತ್ತವೆ. ಮುಂದಿನ ವರ್ಷ ಮಾರಾಟಕ್ಕೂ ಬಂತು. ವಿಡಿಯೋ ನೋಡಿ ನಾನೂ ನಕ್ಕೆ. ಆಮೇಲೆ ಯಾಕೋ ಸ್ವಲ್ಪ ಕಿರಿಕಿರಿ ಶುರುವಾಯಿತು.

ಮೆಚ್ಚಬೇಕಾದ್ದನ್ನು ಮೊದಲು ಹೇಳಿಬಿಡುತ್ತೇನೆ. ಇದರಲ್ಲಿ ಸ್ಕ್ರೀನ್ ಇಲ್ಲ, ಸ್ಕೋರ್ ಇಲ್ಲ. ಕಿವಿಯ ಭಾಷೆ ಯಾರೂ ಹೇಳಿಕೊಡದೆ ಅರ್ಥವಾಗುತ್ತೆ. ಊರಲ್ಲಿ ಅಮ್ಮ ಕೊಟ್ಟಿಗೆಗೆ ಹೋದರೆ ಮೊದಲು ನೋಡೋದೇ ಹಸುವಿನ ಕಿವಿ. ಜೋತುಬಿದ್ದಿದ್ದರೆ ಮುಟ್ಟಿ ನೋಡುತ್ತಾಳೆ, ಜ್ವರ ಏನಾದರೂ ಇದೆಯಾ ಅಂತ. ವಿನ್ಯಾಸಕಾರರು ಸರಿಯಾದ ಜಾಗಕ್ಕೇ ಕೈ ಹಾಕಿದ್ದಾರೆ.

ಆದರೆ ಹಸುವಿಗೆ ಮುಚ್ಚಿಡೋದು ಗೊತ್ತಿಲ್ಲ. ನಮಗೆ ಗೊತ್ತು.

ಒಳಗಿನ ಕೆಲಸ ನೋಡಿ. ಹಣೆಗೆ ಒತ್ತಿಕೊಂಡ ಒಂದು ಸೆನ್ಸರ್, ಕಿವಿಹಾಲೆಗೊಂದು ಕ್ಲಿಪ್. ನ್ಯೂರೋಸ್ಕೈ ಕಂಪನಿಯ ಚಿಪ್ ಆ ಸಿಗ್ನಲ್ ಓದಿ ಗಮನ ಎಷ್ಟು, ನೆಮ್ಮದಿ ಎಷ್ಟು ಅಂತ ಲೆಕ್ಕ ಹಾಕುತ್ತೆ. ಪುಟಾಣಿ ಮೋಟಾರುಗಳು ಕಿವಿ ತಿರುಗಿಸುತ್ತವೆ. ಹಣೆಯ ಮೇಲೆ ಸಿಗುವ ಮೆದುಳಿನ ಅಲೆ ಮೈಕ್ರೋವೋಲ್ಟ್‌ಗಳಲ್ಲಿ ಇರುತ್ತೆ. ಒಮ್ಮೆ ಕಣ್ಣು ಮಿಟುಕಿಸಿದರೆ ಅದಕ್ಕಿಂತ ದೊಡ್ಡ ಸಿಗ್ನಲ್ ಹುಟ್ಟುತ್ತೆ. ಅಂದರೆ ನನ್ನ ಮನಸ್ಸಿನ ಬಗ್ಗೆ ಊರಿಗೆಲ್ಲ ಡಂಗುರ ಸಾರುತ್ತಿರೋದು ಒಂದು ಅಂದಾಜು. ಸರಿ, ಆಟಿಕೆ, ಅಷ್ಟು ನಿಖರತೆ ಯಾಕೆ ಅನ್ನಬಹುದು. ನನ್ನ ತಕರಾರು ನಿಖರತೆಯದ್ದಲ್ಲ. ನಿಖರವಾದಷ್ಟೂ ನನಗೆ ಕಷ್ಟ! ಅಪ್ರೈಸಲ್ ಮೀಟಿಂಗಿನಲ್ಲಿ ಮ್ಯಾನೇಜರ್ ಹದಿನೆಂಟನೇ ಸ್ಲೈಡಿಗೆ ಬಂದಾಗ ನಿಮ್ಮ ಕಿವಿ ಮೆಲ್ಲಗೆ ಬಾಗುತ್ತೆ ಅಂತಿಟ್ಟುಕೊಳ್ಳಿ. ಆಫ್ ಮಾಡಬಹುದಲ್ಲ ಅಂತೀರಾ? ಎಲ್ಲರ ಕಿವಿ ಆಡುತ್ತಿರುವಾಗ ಒಬ್ಬನೇ ಆಫ್ ಮಾಡಿಕೊಂಡರೆ ಅದೂ ಒಂದು ಉತ್ತರವೇ.

ಇದನ್ನು ಅಭಿವ್ಯಕ್ತಿ ಅನ್ನೋಕೆ ನನಗೆ ಮನಸ್ಸು ಬರಲ್ಲ. ಇದು ಸೋರಿಕೆ. ಏನು ಹೇಳಬೇಕು, ಏನು ನುಂಗಿಕೊಳ್ಳಬೇಕು ಅನ್ನೋ ಆಯ್ಕೆ ನನ್ನದಾಗಿದ್ದರೆ ಮಾತ್ರ ಅದು ನನ್ನ ಮಾತು.

ಅಮೆರಿಕದ ಲಿಯಾ ಬ್ಯೂಕ್ಲಿ ರೂಪಿಸಿದ ಲಿಲಿಪ್ಯಾಡ್ ಆರ್ಡುಯಿನೋ ನನಗೆ ಹಿಡಿಸೋದು ಇದಕ್ಕೇ. 2007ರಲ್ಲಿ ಮಾರುಕಟ್ಟೆಗೆ ಬಂದ, ಹೂವಿನ ಎಸಳಿನಂಥ ಅಂಚಿರುವ ಸರ್ಕ್ಯೂಟ್ ಬೋರ್ಡ್, ಬಟ್ಟೆಗೆ ಹೊಲಿಯಬಹುದು. ವೈರ್ ಬದಲು ವಿದ್ಯುತ್ ಹರಿಯುವ ದಾರ. ಅದರಲ್ಲಿ ಆಕೆ ಸೈಕಲ್ ಸವಾರರಿಗೊಂದು ಜಾಕೆಟ್ ಮಾಡಿದರು: ತೋಳಿನಲ್ಲಿ ಸ್ವಿಚ್, ಬೆನ್ನ ಮೇಲೆ ಎಲ್‌ಇಡಿ ಬಾಣ. ಎಡದ್ದು ಒತ್ತಿದರೆ ಎಡಬಾಣ ಮಿನುಗುತ್ತೆ, ಬಲದ್ದು ಒತ್ತಿದರೆ ಬಲಬಾಣ. ನೆಕೋಮಿಮಿಯ ಮುಂದೆ ಇದು ತೀರಾ ಸಪ್ಪೆ ಅನ್ನಿಸಬಹುದು. ಆದರೆ ಹಿಂದೆ ಬರುವವನಿಗೆ ಏನು ಹೇಳಬೇಕು ಅಂತ ತೀರ್ಮಾನಿಸೋದು ಸವಾರನ ಬೆರಳು.

ಹಾಗಂತ ಲಿಲಿಪ್ಯಾಡ್ ಸಲೀಸಲ್ಲ. ಆ ದಾರಕ್ಕೆ ಇನ್ಸುಲೇಷನ್ ಇರಲ್ಲ. ಪ್ಲಸ್ ದಾರದ ಒಂದು ಎಳೆ ಮೈನಸ್‌ಗೆ ತಾಗಿದರೆ ಶಾರ್ಟ್. ಡೀಬಗ್ ಅಂದರೆ ಕೂತು ಹೊಲಿಗೆ ಬಿಚ್ಚೋದು. ಒಗೆಯುವ ಮುಂಚೆ ಬ್ಯಾಟರಿ ತೆಗೀಬೇಕು, ಕೈಯಲ್ಲೇ ಮೆತ್ತಗೆ ಒಗೀಬೇಕು. ಕೋಡ್ ಬರೆಯೋ ನಮ್ಮಂಥವರಿಗಿಂತ ಟೈಲರ್ ಅಂಗಡಿಯವರು ಇದನ್ನು ಬೇಗ ಕಲಿತಾರು.

ನೆಕೋಮಿಮಿಯನ್ನು ಮೂಲೆಗೆ ಎಸೆಯಿರಿ ಅಂತ ನಾನು ಹೇಳುತ್ತಿಲ್ಲ. ಒಂದೇ ಒಂದು ಗುಂಡಿ ಸೇರಿಸಿ ಸಾಕು. ಅಂಗೈಯಲ್ಲಿ ಹಿಡಿಯುವಂಥದ್ದು, ಒತ್ತಿದರೆ ಸೆನ್ಸರ್ ಏನೇ ಅಂದರೂ ಕಿವಿ ನಿಮಿರಿ ನಿಲ್ಲಬೇಕು. ಹದಿನೆಂಟನೇ ಸ್ಲೈಡಿಗೆ ನಾನೇ ಒತ್ತಿಕೊಳ್ಳುತ್ತೇನೆ.